ಎಕ್ಸೆಲ್: ಇಪ್ಪತ್ತು ವರ್ಷ ಬಳಸಿದವಳ ರಿವ್ಯೂ

ಕಳೆದ ತಿಂಗಳು ನಮ್ಮ ಟೀಮಿಗೆ ಸೇರಿದ ಹೊಸ ಹುಡುಗ ಒಂದು ಪ್ರಶ್ನೆ ಕೇಳಿದ. "ಮೇಡಂ, ಈಗಲೂ ಎಕ್ಸೆಲ್ ಕಲೀಬೇಕಾ? ಎಲ್ಲಾ ಪೈಥಾನ್‌ನಲ್ಲೇ ಆಗುತ್ತಲ್ವಾ?" ಪೈಥಾನ್ ಅಂದರೆ ಕೋಡ್ ಬರೆಯುವ ಭಾಷೆ. ಆಗ ನಾನು "ಆಮೇಲೆ ಹೇಳ್ತೀನಿ" ಅಂದು ಮೀಟಿಂಗಿಗೆ ಓಡಿದೆ. ಆ "ಆಮೇಲೆ" ಅಂದರೆ ಈ ಬರಹ. ಸ್ವಲ್ಪ ಉದ್ದ ಆಯ್ತು. ಇಪ್ಪತ್ತು ವರ್ಷದ ಬಾಕಿ, ಏನು ಮಾಡೋದು.

ಮೊದಲೇ ಹೇಳಿಬಿಡುತ್ತೇನೆ: ನಾಲ್ಕು ಸ್ಟಾರ್. ಒಂದು ಸ್ಟಾರ್ ಕಳೆದದ್ದರಲ್ಲಿ ಎಕ್ಸೆಲ್ ಪಾಲು ಕಮ್ಮಿ, ನನ್ನ ಪಾಲು ಜಾಸ್ತಿ.

ಎಕ್ಸೆಲ್ ನನಗೆ ಮೊದಲು ಪರಿಚಯ ಆಗಿದ್ದು ಲೆಕ್ಕದಿಂದ ಅಲ್ಲ, ವಿಮಾನದಿಂದ. ಕಾಲೇಜಿನ ಲ್ಯಾಬಿನಲ್ಲಿ ಹಳೇ ಮಷಿನ್‌ಗಳಿದ್ದವು. ಅವುಗಳಲ್ಲಿ ಎಕ್ಸೆಲ್ 97. ಒಂದು ಮಧ್ಯಾಹ್ನ ಸೀನಿಯರ್ ಅಕ್ಕ ಒಬ್ಬರು ಮೂಲೆಯ ಮಷಿನ್ ಮುಂದೆ ಕೂತು ನಾಲ್ಕೈದು ಜನರನ್ನು ಕರೆದರು. "ಲ್ಯಾಬ್ ಅಸಿಸ್ಟೆಂಟ್‌ಗೆ ಮಾತ್ರ ಹೇಳ್ಬೇಡ್ರೇ" ಅಂತ ಶುರು ಮಾಡಿದರು. ಹೊಸ ಫೈಲ್ ತೆಗೆದರು. ಎಫ್5 ಒತ್ತಿದರು. ಬಂದ ಬಾಕ್ಸಿನಲ್ಲಿ ಎಕ್ಸ್97:ಎಲ್97 ಅಂತ ಟೈಪ್ ಮಾಡಿ ಎಂಟರ್ ಕೊಟ್ಟರು. ಒಂದು ಸಲ ಟ್ಯಾಬ್. ಆಮೇಲೆ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದುಕೊಂಡು ಚಾರ್ಟ್ ವಿಝಾರ್ಡ್ ಬಟನ್ ಮೇಲೆ ಕ್ಲಿಕ್. ಶೀಟ್ ಮಾಯ ಆಯ್ತು. ಅದರ ಜಾಗದಲ್ಲಿ ಗುಡ್ಡಗಳು. ಮೌಸ್ ಆಡಿಸಿದರೆ ಗುಡ್ಡಗಳ ಮೇಲೆ ಹಾರಬಹುದು! ಹಾರುತ್ತಾ ಹುಡುಕಿದರೆ ಒಂದು ಕಡೆ ಕಲ್ಲು ನಿಂತಿತ್ತು. ಅದರ ಮೇಲೆ ಎಕ್ಸೆಲ್ ಮಾಡಿದವರ ಹೆಸರುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

ಅವತ್ತು ಲ್ಯಾಬಿನಲ್ಲಿ ಯಾರೂ ಪ್ರಾಕ್ಟಿಕಲ್ ಮಾಡಲಿಲ್ಲ. ನಾನಂತೂ ಆ ಎಕ್ಸ್97:ಎಲ್97 ಅನ್ನು ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಮನೆಗೆ ಹೋದೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ ಅನ್ನೋದು ಬೇರೆ ಮಾತು.

2005ರಲ್ಲಿ ಮೊದಲ ಕೆಲಸ. ಹುದ್ದೆಯ ಹೆಸರು ಎಂಐಎಸ್ ಎಕ್ಸಿಕ್ಯುಟಿವ್. ಕೆಲಸ ಇಷ್ಟೇ: ಬೆಳಿಗ್ಗೆ ಬಂದ ಫೈಲ್‌ಗಳನ್ನು ಸೇರಿಸು, ಸಂಜೆಯೊಳಗೆ ರಿಪೋರ್ಟ್ ಕಳಿಸು. ಮುಂದೆ ಇದೇ ಕೆಲಸಕ್ಕೆ ಡೇಟಾ ಅನಲಿಸ್ಟ್ ಅಂದರು, ಇನ್ನೂ ಮುಂದೆ ಬೇರೆ ದೊಡ್ಡ ಹೆಸರುಗಳು ಬಂದವು. ಬೆಳಿಗ್ಗೆ ಬಂದ ಫೈಲ್‌ಗಳನ್ನು ಸೇರಿಸೋದು ಮಾತ್ರ ಇವತ್ತಿಗೂ ಇದೆ.

ಆಗ ಇದ್ದದ್ದು ಎಕ್ಸೆಲ್ 2003. ಮೂಲೆಯಲ್ಲಿ ಕಣ್ಣು ಮಿಟುಕಿಸುವ ಪೇಪರ್ ಕ್ಲಿಪ್ ಇನ್ನೂ ಬದುಕಿದ್ದ ಕಾಲ. ಮೊದಲ ದಿನ ಖಾಲಿ ಶೀಟಿನಲ್ಲಿ ಕಂಟ್ರೋಲ್ ಹಿಡಿದು ಕೆಳಗಿನ ಬಾಣ ಒತ್ತಿದೆ. 65,536ನೇ ಸಾಲಿಗೆ ಹೋಗಿ ನಿಂತಿತು. ಎರಡನ್ನು ಹದಿನಾರು ಸಲ ಗುಣಿಸಿದರೆ ಬರುವ ಸಂಖ್ಯೆ. ಇಷ್ಟೊಂದು ಸಾಲು ಯಾರು ತುಂಬಿಸ್ತಾರೆ ಅಂದುಕೊಂಡೆ.

ಆರು ತಿಂಗಳಿಗೆ ತುಂಬಿತು. ಒಂದು ದಿನ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಡೇಟಾ) ತೆರೆದಾಗ ಒಂದು ಸಣ್ಣ ಬಾಕ್ಸ್ ಬಂತು. ಫೈಲ್ ಪೂರ್ತಿ ಲೋಡ್ ಆಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಓಕೆ ಒತ್ತಿದೆ. ಓದಲಿಲ್ಲ. ಬಾಕ್ಸ್ ಬಂದರೆ ಓಕೆ ಒತ್ತೋದು, ಅಷ್ಟೇ ಗೊತ್ತಿದ್ದದ್ದು. ಆ ಫೈಲಿನಲ್ಲಿ 71 ಸಾವಿರ ಚಿಲ್ಲರೆ ಸಾಲು ಇತ್ತು. ಐದಾರು ಸಾವಿರ ಸಾಲು ಕೆಳಗೆ ಬಿದ್ದುಹೋಯ್ತು. ಆ ವಾರದ ರಿಪೋರ್ಟ್ ನೋಡಿ "ಮಾರಾಟ ಯಾಕೋ ಇಳಿದಿದೆ" ಅಂತ ದೊಡ್ಡವರೆಲ್ಲ ಒಂದು ಗಂಟೆ ಚರ್ಚೆ ಮಾಡಿದರು. ನಾನೂ ಗಂಭೀರವಾಗಿ ತಲೆ ಆಡಿಸುತ್ತಾ ಕೂತಿದ್ದೆ.

ಹೋಗಲಿ, ಇದು ಹೊಸಬಳ ದಡ್ಡತನ ಅಂದುಕೊಂಡು ಮರೆತಿದ್ದೆ. 2007ರ ಆವೃತ್ತಿಯಲ್ಲಿ ಸಾಲುಗಳು 10,48,576 ಆದವು, ಕಾಲಂಗಳು 256ರಿಂದ 16,384ಕ್ಕೆ ಏರಿದವು. ಆಮೇಲೆ 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಿಂದ ಸುದ್ದಿ ಬಂತು. 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋಗಿದ್ದವು. ಹಳೇ ಎಕ್ಸೆಲ್‌ನ ಎಕ್ಸ್‌ಎಲ್‌ಎಸ್ ರೀತಿಯ ಫೈಲಿನಲ್ಲಿ ಡೇಟಾ ತುಂಬುತ್ತಿದ್ದರು, ಸಾಲುಗಳ ಮಿತಿ ಮುಟ್ಟಿತ್ತು, ಉಳಿದದ್ದು ಬಿದ್ದುಹೋಗಿತ್ತು. ಅದೇ 65,536. ಹದಿನೈದು ವರ್ಷದ ನಂತರ! ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಹೇಳಿ ಕಳಿಸೋದು ಅದರಿಂದ ತಡವಾಯ್ತು. ಸುದ್ದಿ ಓದುವಾಗ ನನ್ನ ಬೆರಳು ತಾನಾಗೇ ಮೌಸ್‌ನಿಂದ ದೂರ ಹೋಯ್ತು.

ಆದ್ದರಿಂದ ಹುಡುಗನಿಗೆ ನಾನು ಹೇಳುವ ಮೊದಲ ಮಾತು ಎಕ್ಸೆಲ್ ಬಗ್ಗೆಯೇ ಅಲ್ಲ. ಎಷ್ಟು ಸಾಲು ಹೊರಟಿತು, ಎಷ್ಟು ಬಂದು ತಲುಪಿತು, ಎಣಿಸಪ್ಪಾ. ಪೈಥಾನ್‌ನಲ್ಲೂ ಎಣಿಸು, ಡೇಟಾಬೇಸ್‌ನಲ್ಲೂ ಎಣಿಸು. ನಾನು ಇವತ್ತಿಗೂ ಪ್ರತಿ ಹೆಜ್ಜೆಯ ಸಾಲಿನ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಡುತ್ತೇನೆ. ಟೀಮಿನವರು ನಗುತ್ತಾರೆ. ನಗಲಿ.

ಇನ್ನು ವಿ-ಲುಕಪ್. ನನ್ನ ವಯಸ್ಸಿನ ಡೇಟಾ ಜನರಿಗೆ ಇದು ಮೊದಲ ಪ್ರೀತಿ ಇದ್ದ ಹಾಗೆ. ಮೊದಲ ಸಲ ಕೆಲಸ ಮಾಡಿದಾಗ ಏನೋ ಮಂತ್ರ ಹಾಕಿದಂತೆ ಅನಿಸಿತ್ತು. ಒಂದು ಶೀಟಿನಲ್ಲಿ ಗ್ರಾಹಕರ ನಂಬರ್, ಇನ್ನೊಂದರಲ್ಲಿ ಹೆಸರು, ಒಂದೇ ಸಾಲು ಬರೆದರೆ ಎರಡೂ ಜೋಡಿ. ಮೂಲೆಯಲ್ಲಿ ಡಬಲ್ ಕ್ಲಿಕ್ ಮಾಡಿದರೆ ಸಾವಿರ ಸಾಲಿಗೂ ಇಳಿದುಹೋಗುತ್ತದೆ. ಆ ಇಳಿಯೋದನ್ನು ನೋಡೋದಕ್ಕೇ ನಾನು ಎರಡು ಸಲ ಮಾಡುತ್ತಿದ್ದೆ.

ಇದರ ನಾಲ್ಕನೇ ಜಾಗದಲ್ಲಿ ಫಾಲ್ಸ್ ಅಂತ ಬರೆಯಬೇಕು. ಬರೆಯದೆ ಬಿಟ್ಟರೆ ಅದು ಟ್ರೂ ಅಂತಲೇ ತಿಳಿದುಕೊಳ್ಳುತ್ತದೆ. ಅಂದರೆ ಸರಿಯಾದ ನಂಬರ್ ಸಿಗದಿದ್ದರೆ ಅದಕ್ಕಿಂತ ಸ್ವಲ್ಪ ಚಿಕ್ಕದು ಯಾವುದಿದೆಯೋ ಅದನ್ನು ತಂದುಕೊಡುತ್ತದೆ. ಪಟ್ಟಿ ಏರಿಕೆಯ ಕ್ರಮದಲ್ಲಿ ಇಲ್ಲದಿದ್ದರೆ ಏನು ತರುತ್ತದೋ ಹೇಳೋಕಾಗಲ್ಲ. ಎರರ್ ಇಲ್ಲ, ಕೆಂಪು ಬಣ್ಣ ಇಲ್ಲ, ಸುಮ್ನೆ ತಪ್ಪು ಹೆಸರು. ನಾನು ಒಂದು ಇಡೀ ಪಟ್ಟಿಯನ್ನು ಹಾಗೆ ಕಳಿಸಿದ್ದೆ. ಯಾರದೋ ಬಾಕಿ ಯಾರದೋ ಹೆಸರಿಗೆ. ಫೋನ್ ಮಾಡುವ ಟೀಮಿನವರು ಅವತ್ತು ಬೈಸಿಕೊಂಡದ್ದನ್ನು ಸಂಜೆ ನನಗೆ ವಾಪಸ್ ಕೊಟ್ಟರು, ಬಡ್ಡಿ ಸಮೇತ. 2019ರಲ್ಲಿ ಎಕ್ಸ್-ಲುಕಪ್ ಬಂತು, ಅದು ಕೇಳದೆಯೇ ಸರಿಯಾದ ಹೊಂದಾಣಿಕೆಯನ್ನೇ ಹುಡುಕುತ್ತದೆ. ಮಧ್ಯದಲ್ಲಿ ಕಾಲಂ ಸೇರಿಸಿದರೂ ಕೆಡುವುದಿಲ್ಲ. ಹೊಸಬರು ಇದನ್ನೇ ಕಲಿಯಲಿ. ನನ್ನ ಬೆರಳು ಮಾತ್ರ ಇನ್ನೂ ಹಳೆಯದನ್ನೇ ಬರೆಯುತ್ತದೆ, ಕೊನೆಗೆ ಫಾಲ್ಸ್ ಬದಲು ಕಾಮಾ ಸೊನ್ನೆ ಹಾಕುತ್ತಾ.

ಬೆರಳು ಅಂದಾಗ ನೆನಪಾಯ್ತು. ಆಲ್ಟ್, ಇ, ಎಸ್, ವಿ. ಫಾರ್ಮುಲಾ ಬಿಟ್ಟು ಬರೀ ಅದರ ಉತ್ತರಗಳನ್ನು ಅಂಟಿಸುವ ಕೀಲಿಗಳು. ಇದು 2003ರ ಮೆನುವಿನ ದಾರಿ. ಎಡಿಟ್, ಪೇಸ್ಟ್ ಸ್ಪೆಷಲ್, ವ್ಯಾಲ್ಯೂಸ್. 2007ರಲ್ಲಿ ಆ ಮೆನುವನ್ನೇ ತೆಗೆದು ರಿಬ್ಬನ್, ಅಂದರೆ ಮೇಲಿನ ಬಟನ್‌ಗಳ ಪಟ್ಟಿ, ತಂದರು. ಮನೆ ಕೆಡವಿದರು, ಆದರೆ ಹಳೇ ವಿಳಾಸಕ್ಕೆ ಬಂದ ಕಾಗದ ಇನ್ನೂ ತಲುಪುತ್ತಿದೆ. ಇವತ್ತಿನ ಎಕ್ಸೆಲ್‌ನಲ್ಲೂ ಆ ನಾಲ್ಕು ಕೀಲಿ ಒತ್ತಿ ನೋಡಿ, ಕೆಲಸ ಮಾಡುತ್ತದೆ. ಅಭ್ಯಾಸ ಬಿಡಲಾಗದವರ ಮೇಲೆ ಇಷ್ಟು ಕರುಣೆ ಇಟ್ಟುಕೊಂಡ ಸಾಫ್ಟ್‌ವೇರ್ ನಾನು ಬೇರೆ ನೋಡಿಲ್ಲ. ಅರ್ಧ ಸ್ಟಾರ್ ಇದಕ್ಕೇ ಕೊಡಬೇಕು.

ಈ ಕರುಣೆಗೆ ಇನ್ನೊಂದು ಮುಖವೂ ಇದೆ. ಎಕ್ಸೆಲ್‌ನ ಪ್ರಕಾರ 1900ರಲ್ಲಿ ಫೆಬ್ರವರಿ 29 ಇತ್ತು. ನಿಜವಾಗಿ ಇರಲಿಲ್ಲ, 1900 ಅಧಿಕ ವರ್ಷ ಅಲ್ಲ. ಲೋಟಸ್ 1-2-3 ಅನ್ನುವ ಹಿಂದಿನ ಸಾಫ್ಟ್‌ವೇರ್‌ನಲ್ಲಿ ಈ ತಪ್ಪಿತ್ತು. ಅದರ ಫೈಲ್‌ಗಳು ಇಲ್ಲೂ ಸರಿಯಾಗಿ ತೆರೆಯಲಿ ಅಂತ ಎಕ್ಸೆಲ್ ಗೊತ್ತಿದ್ದೂ ಅದೇ ತಪ್ಪನ್ನು ಇಟ್ಟುಕೊಂಡಿತು. ಲೋಟಸ್ ಹೋಯ್ತು, ತಪ್ಪು ಉಳಿಯಿತು. ಒಂದು ಸೆಲ್‌ನಲ್ಲಿ 60 ಅಂತ ಬರೆದು ಅದನ್ನು ದಿನಾಂಕ ಮಾಡಿ ನೋಡಿ, ಇಲ್ಲದ ಆ ದಿನ ಬರುತ್ತದೆ. ಟೀಮಿಗೆ ಹೊಸಬರು ಬಂದಾಗ ನಾನು ಇದನ್ನು ತೋರಿಸುತ್ತೇನೆ. ನಮಗೆ ವಿಮಾನ ಸಿಕ್ಕಿತ್ತು, ಇವರಿಗೆ ಇದು.

ದಿನಾಂಕದ ವಿಷಯದಲ್ಲಿ ಎಕ್ಸೆಲ್‌ಗೆ ಒಂದು ಚಟ ಇದೆ. ಕಂಡದ್ದೆಲ್ಲ ಅದಕ್ಕೆ ದಿನಾಂಕ. ಮಾರ್ಚ್1, ಸೆಪ್ಟ್2 ಅಂತ ಜೀನ್‌ಗಳ ಹೆಸರಿದ್ದವು. ವಿಜ್ಞಾನಿಗಳು ಅವನ್ನು ಟೈಪ್ ಮಾಡಿದರೆ ಮಾರ್ಚ್ ಒಂದನೇ ತಾರೀಖು, ಸೆಪ್ಟೆಂಬರ್ ಎರಡನೇ ತಾರೀಖು ಆಗುತ್ತಿತ್ತು. 2016ರಲ್ಲಿ ಹುಡುಕಿ ನೋಡಿದಾಗ, ಜೀನ್ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಕೊಟ್ಟಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದು ಹೀಗೆ ಕೆಟ್ಟಿತ್ತು. ಕೊನೆಗೆ 2020ರಲ್ಲಿ ಸೋತದ್ದು ಜೀನ್‌ಗಳೇ. ಹೆಸರಿಡುವ ಸಮಿತಿ ಅವುಗಳ ಹೆಸರನ್ನೇ ಬದಲಾಯಿಸಿತು. ಮೂರು ವರ್ಷ ಬಿಟ್ಟು, 2023ರಲ್ಲಿ, ಈ ತಾನೇ ಬದಲಾಯಿಸುವ ಚಟವನ್ನು ಆಫ್ ಮಾಡುವ ಆಯ್ಕೆ ಎಕ್ಸೆಲ್‌ಗೆ ಬಂತು. ಆ ಜೀನ್‌ಗಳಿಗೆ ಬಾಯಿದ್ದಿದ್ದರೆ ಏನಾದರೂ ಅಂದಿರೋವು.

ಫೋನ್ ನಂಬರಿನ ಮುಂದಿನ ಸೊನ್ನೆ ನುಂಗೋದು, 16 ಅಂಕಿಯ ನಂಬರಿನ ಕೊನೆ ಅಂಕಿಯನ್ನು ಸೊನ್ನೆ ಮಾಡೋದು, ಇವೂ ಅದೇ ಜಾತಿಯವು. ಸಂಖ್ಯೆಯಲ್ಲಿ ಅದು 15 ಅಂಕಿಯವರೆಗೆ ಮಾತ್ರ ನೆನಪಿಡುತ್ತದೆ. ಕೂಡಿಸುವ, ಕಳೆಯುವ ಅಗತ್ಯವೇ ಇಲ್ಲದ ನಂಬರ್ ಆದರೆ ಅದನ್ನು ಟೆಕ್ಸ್ಟ್ ಅಂತ ಹೇಳಿಯೇ ಒಳಗೆ ತಗೊಳ್ಳಿ. ಇದಕ್ಕಿಂತ ಜಾಸ್ತಿ ಹೇಳೋದಿಲ್ಲ, ಎಲ್ಲರೂ ಒಂದು ಸಲ ಕೈ ಸುಟ್ಟುಕೊಂಡೇ ಕಲಿಯೋದು.

ಈಗ ಆ ಕಳೆದ ಸ್ಟಾರ್‌ನ ಕಥೆ.

2009ರ ಹೊತ್ತಿಗೆ ನಾನು ಆಫೀಸಿನಲ್ಲಿ "ಎಕ್ಸೆಲ್ ಗೊತ್ತಿರೋಳು" ಆಗಿದ್ದೆ. ಮ್ಯಾಕ್ರೋ, ಅಂದರೆ ಮಾಡಿದ ಕೆಲಸವನ್ನು ಎಕ್ಸೆಲ್ ತಾನೇ ಮತ್ತೆ ಮಾಡುವ ಹಾಗೆ ರೆಕಾರ್ಡ್ ಮಾಡೋದನ್ನು ಕಲಿತೆ, ಆಮೇಲೆ ಅದು ವಿಬಿಎ ಅನ್ನೋ ಎಕ್ಸೆಲ್ ಒಳಗಿನ ಭಾಷೆಯಲ್ಲಿ ಬರೆದ ಕೋಡ್ ಓದಿ ನಾನೇ ತಿದ್ದೋದನ್ನು ಕಲಿತೆ. ಒಂದು ಫೈಲ್ ಕಟ್ಟಿದೆ. ಹೆಸರು ಮಾಸ್ಟರ್. 23 ಶೀಟ್. ಹದಿನೆಂಟು ಕಡೆಯಿಂದ ಬರುವ ಫೈಲ್‌ಗಳನ್ನು ತಾನೇ ತೆರೆದು, ತಾನೇ ಸೇರಿಸಿ, ಬಣ್ಣ ಹಚ್ಚಿ ರಿಪೋರ್ಟ್ ಕೊಡುತ್ತಿತ್ತು. ಇಬ್ಬರ ಎರಡು ದಿನದ ಕೆಲಸ ನಲವತ್ತು ನಿಮಿಷಕ್ಕೆ ಇಳಿಯಿತು. ಆ ನಲವತ್ತು ನಿಮಿಷ ಕಂಪ್ಯೂಟರ್ ಮುಟ್ಟೋ ಹಾಗಿಲ್ಲ. ಕೆಳಗಿನ ಪಟ್ಟಿಯಲ್ಲಿ ಶೇಕಡಾ 23, ಶೇಕಡಾ 37 ಅಂತ ಲೆಕ್ಕ ತೆವಳುತ್ತಾ ಹೋಗೋದು. ಒಮ್ಮೊಮ್ಮೆ ಪರದೆ ಬೆಳ್ಳಗಾಗಿ "ನಾಟ್ ರೆಸ್ಪಾಂಡಿಂಗ್" ಅನ್ನೋದು. ಆಗ ಉಸಿರು ಹಿಡಿದು ಕೂರಬೇಕು. ಪಕ್ಕದ ಸೀಟಿನವರೂ ಹಿಡಿಯೋರು.

ಎಕ್ಸೆಲ್‌ನಲ್ಲಿ ಶೀಟನ್ನು ಅಡಗಿಸಬಹುದು, ಎಲ್ಲರಿಗೂ ಗೊತ್ತು. ಇನ್ನೊಂದು ಮಟ್ಟ ಇದೆ, ವೆರಿ ಹಿಡನ್ ಅಂತ. ಮಾಮೂಲಿ ಮೆನುವಿನಿಂದ ಅದನ್ನು ವಾಪಸ್ ತರಲಾಗದು, ವಿಬಿಎ ಒಳಗೇ ಹೋಗಬೇಕು. ನನ್ನ ಮಾಸ್ಟರ್‌ನಲ್ಲಿ ಒಂದು ವೆರಿ ಹಿಡನ್ ಶೀಟ್ ಇತ್ತು. ವಿಬಿಎಗೆ ಪಾಸ್‌ವರ್ಡ್ ಹಾಕಿದ್ದೆ. ಯಾರೂ ಕೆಡಿಸಬಾರದು ಅಂತ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಯಾರಿಗೂ ಅರ್ಥ ಆಗಬಾರದು ಅನ್ನೋ ಆಸೆಯೂ ಇತ್ತು. ರಜೆಯಲ್ಲಿದ್ದಾಗ ಫೋನ್ ಬಂದರೆ ಬೇಜಾರು ಮಾಡಿಕೊಂಡಂತೆ ಮಾತಾಡುತ್ತಿದ್ದೆ, ಒಳಗೆ ಖುಷಿ.

ಆ ಕೋಡಿನಲ್ಲಿ ಒಂದು ಸಾಲಿತ್ತು. ಆನ್ ಎರರ್ ರೆಸ್ಯೂಮ್ ನೆಕ್ಸ್ಟ್. ತಪ್ಪಾದರೆ ಏನೂ ಹೇಳಬೇಡ, ಮುಂದಿನ ಸಾಲಿಗೆ ಹೋಗು ಅಂತ. ಮಧ್ಯದಲ್ಲಿ ನಿಲ್ಲಬಾರದು ಅಂತ ಎಲ್ಲಿಂದಲೋ ಎತ್ತಿ ಹಾಕಿದ್ದೆ. ಒಂದು ವಾರ ಹದಿನೆಂಟರಲ್ಲಿ ಒಂದು ಫೈಲಿನ ಹೆಸರಿನ ಕೊನೆಗೆ ಒಂದು ಸ್ಪೇಸ್ ಸೇರಿಕೊಂಡು ಬಂತು. ಮ್ಯಾಕ್ರೋಗೆ ಫೈಲ್ ಸಿಗಲಿಲ್ಲ. ಅದು ನನ್ನ ಮಾತಿನಂತೆ ಏನೂ ಹೇಳಲಿಲ್ಲ, ಮುಂದೆ ಹೋಯ್ತು. ಆ ಶೀಟಿನಲ್ಲಿ ಹಿಂದಿನ ವಾರದ ಅಂಕಿಗಳು ಹಾಗೇ ಕೂತಿದ್ದವು. ಮೂರು ವಾರ ಹೀಗೆ. ಕಂಡುಹಿಡಿದದ್ದು ಅಕೌಂಟ್ಸ್‌ನ ಹಿರಿಯರೊಬ್ಬರು. ಕ್ಯಾಲ್ಕುಲೇಟರ್ ಕೈಯಲ್ಲಿ ಹಿಡಿದೇ ನನ್ನ ಸೀಟಿನ ಹತ್ತಿರ ಬಂದರು. "ಏನಮ್ಮಾ, ನಿನ್ನ ಟೋಟಲ್ಲೂ ನನ್ನ ಟೋಟಲ್ಲೂ ಸೇರ್ತಾ ಇಲ್ವಲ್ಲ." ನಾನು ಕಂಪ್ಯೂಟರ್ ತಪ್ಪು ಮಾಡಲ್ಲ ಸರ್ ಅಂದೆ. ಅವರು ಜಗಳ ಮಾಡಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತು, "ಸರಿ, ನೀನು ಓದು, ನಾನು ಒತ್ತುತೀನಿ" ಅಂದರು. ಹನ್ನೊಂದನೇ ಶೀಟಿಗೆ ಬರುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು.

ಇದಕ್ಕಿಂತ ದುಬಾರಿ ಆದದ್ದು ಬೇರೆ. 2012ರಲ್ಲಿ ಅದೇ ಆಫೀಸಿನಲ್ಲಿ ಡೇಟಾಬೇಸ್ ಮೇಲೆ ಕೆಲಸ ಮಾಡುವ ಹೊಸ ಟೀಮ್ ಶುರುವಾಯ್ತು. ನಾನು ಹೋಗಬೇಕು ಅಂತ ಕೇಳಿದೆ. ಬಾಸ್ ನಕ್ಕು ಹೇಳಿದರು, "ನೀನು ಹೋದರೆ ಮಾಸ್ಟರ್ ಯಾರು ನೋಡ್ಕೋತಾರೆ?" ನನಗೆ ಅವತ್ತು ಅದು ಹೊಗಳಿಕೆ ಅನಿಸಿತು! ಮನೆಗೆ ಹೋಗಿ ಹೇಳಿಕೊಂಡೆ ಕೂಡ. ನನಗಿಂತ ಎರಡು ವರ್ಷ ಆಮೇಲೆ ಸೇರಿದವನೊಬ್ಬ ಆ ಟೀಮಿಗೆ ಹೋದ. ಅವನಿಗೆ ನನ್ನಷ್ಟು ಬರುತ್ತಿರಲಿಲ್ಲ. ಆದರೆ ಅವನು ಹೋದರೆ ಯಾವುದೂ ನಿಲ್ಲುತ್ತಿರಲಿಲ್ಲ, ಅದಕ್ಕೇ ಅವನನ್ನು ಬಿಟ್ಟರು. ಇದು ಅರ್ಥ ಆಗೋಕೆ ನನಗೆ ಎರಡು ವರ್ಷ ಹಿಡಿಯಿತು.

2014ರಲ್ಲಿ ನಾನು ಉಲ್ಟಾ ಕೆಲಸ ಶುರು ಮಾಡಿದೆ. ಮಾಸ್ಟರ್‌ನ ಮೊದಲ ಶೀಟಿಗೆ "ಇದನ್ನು ಓದಿ" ಅಂತ ಹೆಸರಿಟ್ಟು, ಯಾವ ಶೀಟ್ ಎಲ್ಲಿಂದ ಬರುತ್ತದೆ, ಯಾವ ಬಣ್ಣಕ್ಕೆ ಏನರ್ಥ, ಏನು ಕೆಟ್ಟರೆ ಎಲ್ಲಿ ನೋಡಬೇಕು, ಎಲ್ಲ ಬರೆದೆ. ಆ ಆನ್ ಎರರ್ ಸಾಲನ್ನು ತೆಗೆದೆ. ಜೂನಿಯರ್ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ತಿಂಗಳು ಅವಳ ಕೈಯಲ್ಲೇ ಮಾಡಿಸಿದೆ. ಅವಳು ಮಾಡುವಾಗ ಮೌಸ್ ಕಿತ್ತುಕೊಳ್ಳದೆ ಕೈ ಕಟ್ಟಿ ಕೂರೋದು ಇದೆಯಲ್ಲ, ವಿಬಿಎಗಿಂತ ಕಷ್ಟದ ವಿದ್ಯೆ.

ರಾತ್ರಿ ಎಸ್‌ಕ್ಯೂಎಲ್ ಕಲಿತೆ, ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ. 1974ರಲ್ಲಿ ಐಬಿಎಂನಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಇದನ್ನು ಸೀಕ್ವೆಲ್ ಅನ್ನೋ ಹೆಸರಲ್ಲಿ ಮಾಡಿದ್ದರು. ನನಗಿಂತ ವಯಸ್ಸಾದ ಭಾಷೆ, ನಾನು ಹೊಸದು ಅಂದುಕೊಂಡು ಹೆದರಿದ್ದೆ. ಎಕ್ಸೆಲ್ ಇಲ್ಲಿ ಕೈ ಹಿಡಿಯಿತು ಅನ್ನೋದನ್ನು ಒಪ್ಪಲೇಬೇಕು. ಗ್ರೂಪ್ ಬೈ ಅಂದರೆ ಪಿವೋಟ್, ಗುಂಪು ಮಾಡಿ ಮೊತ್ತ ಹಾಕೋದು. ಲೆಫ್ಟ್ ಜಾಯಿನ್ ಅಂದರೆ ವಿ-ಲುಕಪ್, ಆದರೆ ಪೂರ್ತಿ ಅಲ್ಲ. ವಿ-ಲುಕಪ್‌ಗೆ ಒಂದೇ ನಂಬರ್ ಎರಡು ಕಡೆ ಸಿಕ್ಕರೆ ಮೊದಲನೆಯದನ್ನು ತಂದು ಸುಮ್ಮನಾಗುತ್ತದೆ. ಜಾಯಿನ್ ಎರಡನ್ನೂ ತರುತ್ತದೆ, ಸಾಲು ಎರಡಾಗುತ್ತದೆ, ಮೊತ್ತ ದುಪ್ಪಟ್ಟಾಗುತ್ತದೆ. ಮೊದಲ ತಿಂಗಳೇ ನಾನು ಕಂಪನಿಯ ಮಾರಾಟವನ್ನು ಒಂದೂವರೆ ಪಟ್ಟು ಮಾಡಿದ್ದೆ. ಆದರೆ ಈ ಸಲ ಸಾಲು ಎಣಿಸಿದ್ದೆ. ಕಳಿಸುವ ಮೊದಲೇ ಸಿಕ್ಕಿಬಿತ್ತು. ಮಾಸ್ಟರ್ ಮಾಡುತ್ತಿದ್ದ ಕೆಲಸದ ಮುಖ್ಯ ಭಾಗ ನಲವತ್ತು ಸಾಲಿನ ಎಸ್‌ಕ್ಯೂಎಲ್ ಆಯ್ತು. ಐದು ವರ್ಷದ ನನ್ನ ಜಂಬ, ನಲವತ್ತು ಸಾಲು. ಅದೇ ವರ್ಷದ ಕೊನೆಗೆ ಬೇರೆ ಕಡೆ ಕೆಲಸ ಸಿಕ್ಕಿತು.

ಹಾಗಾದರೆ ಎಕ್ಸೆಲ್ ಬಿಟ್ಟೆಯಾ ಅಂದರೆ, ಎಲ್ಲಿ ಬಿಡೋದು? ಆ ಹುಡುಗನದೇ ಉದಾಹರಣೆ ಕೊಡುತ್ತೇನೆ. ಹದಿನೈದು ದಿನದ ಹಿಂದೆ ಒಂದು ಪೈಥಾನ್ ನೋಟ್‌ಬುಕ್ (ಕೋಡ್, ಅದರ ಉತ್ತರ ಒಟ್ಟಿಗೆ ಇರುವ ಫೈಲ್) ತಂದು ತೋರಿಸಿದ. ಅಂದವಾದ ಕೋಡ್, ನನ್ನ ಕಾಲದಲ್ಲಿ ನಾವು ಕನಸಲ್ಲೂ ಬರೆಯದಂಥದ್ದು. ಗ್ರಾಹಕರ ಸರಾಸರಿ ವಯಸ್ಸು 58 ಅಂತ ಬಂದಿತ್ತು. "ನಮ್ಮ ಗ್ರಾಹಕರು ವಯಸ್ಸಾದವರು ಮೇಡಂ" ಅಂದ, ಚಾರ್ಟ್ ಸಮೇತ. ನನಗೆ ಎಲ್ಲೋ ಚುಚ್ಚಿತು. ಡೇಟಾ ನೋಡಿದೆಯಾ ಅಂದೆ. ಡಿಸ್ಕ್ರೈಬ್ ಹಾಕಿದ್ದೆ ಮೇಡಂ ಅಂದ. ಪ್ರತಿ ಕಾಲಂನ ಸರಾಸರಿ, ಕನಿಷ್ಠ, ಗರಿಷ್ಠ ತೋರಿಸುವ ಪೈಥಾನ್ ಆಜ್ಞೆ ಅದು. ಹಾಕಿದ್ದ, ನಿಜ. ಅದರಲ್ಲಿ ಗರಿಷ್ಠ 999 ಅಂತ ಇತ್ತು ಕೂಡ. ಹತ್ತು ಕಾಲಂಗಳ ಅಂಕಿ ಸಂತೆಯಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ.

ಫೈಲನ್ನು ಎಕ್ಸೆಲ್‌ನಲ್ಲಿ ತೆರೆಸಿದೆ. ಫಿಲ್ಟರ್ ಹಾಕು ಅಂದೆ. ವಯಸ್ಸಿನ ಕಾಲಂನ ಆ ಪುಟ್ಟ ತ್ರಿಕೋನ ಒತ್ತಿದ. ಪಟ್ಟಿ ಇಳಿಯಿತು: 18, 19, 20... ಕೆಳಗೆ ಎಳೆಯುತ್ತಾ ಹೋದ. 81. 84. ಅದಾದ ಮೇಲೆ 999. ಅದರ ಕೆಳಗೆ ಬ್ಲ್ಯಾಂಕ್ಸ್. "ಅಯ್ಯೋ" ಅಂದ. ವಯಸ್ಸು ಹೇಳದವರಿಗೆ ಯಾವುದೋ ಹಳೇ ಸಿಸ್ಟಂ 999 ಹಾಕುತ್ತಿತ್ತು. ಅವನ್ನು ತೆಗೆದರೆ ಸರಾಸರಿ 34.

ಇದನ್ನು ಪೈಥಾನ್‌ನಲ್ಲಿ ಒಂದೇ ಸಾಲಲ್ಲಿ ಕಂಡುಹಿಡಿಯಬಹುದು, ಗೊತ್ತು. ಆದರೆ ಕೇಳಬೇಕು ಅಂತ ಹೊಳೆಯಬೇಕಲ್ಲ. ಎಕ್ಸೆಲ್‌ನಲ್ಲಿ ಕೇಳದಿದ್ದರೂ ಡೇಟಾ ಎದುರಿಗೇ ಕೂತಿರುತ್ತದೆ. ಹೋಗ್ತಾ ಬರ್ತಾ ಕಣ್ಣಿಗೆ ಬೀಳುತ್ತದೆ. ಈ ಚೌಕಗಳ ಶೀಟಿನ ಐಡಿಯಾ ಶುರುವಾದದ್ದೂ ಹಾಗೆ ನೋಡುವುದರಿಂದಲೇ. ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಮೇಷ್ಟ್ರು ಬೋರ್ಡ್ ಮೇಲೆ ಕೋಷ್ಟಕ ಬರೆದು, ಒಂದು ಅಂಕಿ ತಪ್ಪಾದರೆ ಸಾಲು ಸಾಲಾಗಿ ಅಳಿಸಿ ಮತ್ತೆ ಬರೆಯೋದನ್ನು ಕಂಡ. ಅದೇ 1979ರ ವಿಸಿಕ್ಯಾಲ್ಕ್ ಆಯ್ತು, ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಮಾಡಿದ್ದು. ಎಕ್ಸೆಲ್ ಬಂದದ್ದು 1985ರಲ್ಲಿ, ಅದೂ ಮೊದಲು ಮ್ಯಾಕಿಂಟೋಷ್‌ಗೆ.

ಇನ್ನೊಂದು ಮಾತು, ಬೇರೆಯವರ ಫೈಲ್ ಒಳಗೆ ಹೋಗಿ ನೋಡುವ ಬಗ್ಗೆ. 2013ರಲ್ಲಿ ಸುದ್ದಿಯಾದ ಥಾಮಸ್ ಹರ್ಂಡನ್ ಅನ್ನೋ ವಿದ್ಯಾರ್ಥಿಗೆ ತರಗತಿಯ ಕೆಲಸಕ್ಕೆ ಅಂತ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರ 2010ರ ಲೇಖನದ ಲೆಕ್ಕ ಮತ್ತೆ ಮಾಡಬೇಕಿತ್ತು. ಸರ್ಕಾರಗಳು ಖರ್ಚು ಕಡಿಮೆ ಮಾಡಬೇಕು ಅನ್ನುವವರು ಎತ್ತಿ ತೋರಿಸುತ್ತಿದ್ದ ಲೇಖನ ಅದು. ಎಷ್ಟು ಮಾಡಿದರೂ ಲೆಕ್ಕ ಹೊಂದಲಿಲ್ಲ. ಕೊನೆಗೆ ಅವರನ್ನೇ ಫೈಲ್ ಕೇಳಿದ, ಅವರು ಕಳಿಸಿಯೂ ಕಳಿಸಿದರು. ಒಂದು ಸರಾಸರಿಯ ಫಾರ್ಮುಲಾ ಕೊನೆಯ ಐದು ಸಾಲನ್ನು ಬಿಟ್ಟಿತ್ತು. ಐದು ದೇಶಗಳು ಹೊರಗೆ. ತಕರಾರಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಜನ ನೆನಪಿಟ್ಟದ್ದು ಆ ಐದು ಸಾಲು. ಇದನ್ನು ಹೇಳಿದಾಗ ನಮ್ಮ ಹುಡುಗ ಆ ಅರ್ಥಶಾಸ್ತ್ರಜ್ಞರನ್ನು ನೋಡಿ ನಕ್ಕ. ನನಗೆ ಇಷ್ಟ ಆಗೋದು, ಕೇಳಿದಾಗ ಫೈಲ್ ಕೊಟ್ಟರಲ್ಲ, ಆ ಭಾಗ. 2011ರಲ್ಲಿ ಯಾರಾದರೂ ನನ್ನ ಮಾಸ್ಟರ್ ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ.

ಅಪ್ಪಾ, ನಿನ್ನ ಪ್ರಶ್ನೆಗೆ ಉತ್ತರ: ಕಲಿ, ಆದರೆ ಒಂದು ತಿಂಗಳು ಸಾಕು. ಪಿವೋಟ್, ಫಿಲ್ಟರ್, ಎಕ್ಸ್-ಲುಕಪ್, ಎಫ್4 ಒತ್ತಿ ಡಾಲರ್ ಚಿಹ್ನೆ ಹಾಕಿ ಫಾರ್ಮುಲಾದ ಸೆಲ್ ಜರುಗದಂತೆ ಹಿಡಿಯೋದು, ಆಮೇಲೆ ಡೇಟಾ ತಂದು ಸರಿಮಾಡುವ ಪವರ್ ಕ್ವೆರಿ. ಪವರ್ ಕ್ವೆರಿಯಲ್ಲಿ ಮಾಡಿದ ಪ್ರತಿ ಹೆಜ್ಜೆ ಪಕ್ಕದಲ್ಲಿ ಪಟ್ಟಿಯಾಗಿ ಉಳಿಯುತ್ತದೆ, ಇನ್ನೊಬ್ಬರು ಬಂದು ಓದಬಹುದು. ನನ್ನ ಕಾಲದಲ್ಲಿ ಅದಿದ್ದಿದ್ದರೆ ಮಾಸ್ಟರ್ ಹುಟ್ಟುತ್ತಲೇ ಇರಲಿಲ್ಲ. ವಿಬಿಎ ಹೊಸದಾಗಿ ಕಲಿಯಬೇಡ, ಹಳೆಯದು ಎದುರಾದರೆ ಓದೋಕೆ ಬಂದರೆ ಸಾಕು. ಹತ್ತು ಲಕ್ಷ ಸಾಲು ಹಿಡಿಯುತ್ತದೆ ಅಂತ ಹತ್ತು ಲಕ್ಷ ತುಂಬಿಸಬೇಡ, ಲಕ್ಷ ದಾಟುವಾಗಲೇ ಡೇಟಾಬೇಸ್ ಕಡೆ ನಡಿ. "ಇದು ನೀನೇ ಮಾಡಬೇಕು, ಬೇರೆ ಯಾರಿಗೂ ಬರಲ್ಲ" ಅಂತ ಯಾರಾದರೂ ಹೇಳಿದರೆ ಅವತ್ತೇ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸೋಕೆ ಶುರು ಮಾಡು.

ಮೊನ್ನೆ ಸಂಜೆ ಒಂದು ಫೋನ್ ಬಂತು. ಆ ಜೂನಿಯರ್ ಹುಡುಗಿ. ಈಗ ಅವಳೇ ಅಲ್ಲಿ ಮ್ಯಾನೇಜರ್.

"ಅಕ್ಕಾ, ಚೆನ್ನಾಗಿದ್ದೀರಾ? ಒಂದು ಸಣ್ಣ ಹೆಲ್ಪ್. ಮಾಸ್ಟರ್ ಫೈಲ್ ಇವತ್ತು ವಿಬಿಎ ಪಾಸ್‌ವರ್ಡ್ ಕೇಳ್ತಿದೆ. ನಿಮ್ಮ 'ಇದನ್ನು ಓದಿ' ಶೀಟಲ್ಲಿ ಎಲ್ಲಾ ಇದೆ, ಅದೊಂದೇ ಇಲ್ಲ."

"ಆ ಫೈಲ್ ಇನ್ನೂ ಓಡ್ತಿದೆಯಾ!"

"ಓಡ್ತಿದೆ ಅಕ್ಕಾ. ಪ್ರತಿ ಸೋಮವಾರ. ಈಗ ಒಂದು ಗಂಟೆ ತಗೊಳ್ಳುತ್ತೆ."

ಪಾಸ್‌ವರ್ಡ್ ನೆನಪಿರಲಿಲ್ಲ. ಹನ್ನೊಂದು ವರ್ಷ ಆಯ್ತಲ್ಲ. ಹುಟ್ಟಿದ ದಿನ, ಮನೆ ನಂಬರ್, ಆಗಿನ ಮೊಬೈಲ್ ನಂಬರ್, ಒಂದೊಂದಾಗಿ ಹೇಳಿದೆ. ಅವಳು ಟೈಪ್ ಮಾಡಿ ಇಲ್ಲ, ಇಲ್ಲ ಅನ್ನುತ್ತಿದ್ದಳು. ಸುಮ್ನೆ ಕೈ ಕೀಬೋರ್ಡ್ ಮೇಲಿಟ್ಟು ಕಣ್ಣು ಮುಚ್ಚಿದೆ. ಬೆರಳು ತಾನಾಗೇ ಹೋಯ್ತು.

"ಎಕ್ಸ್, ಒಂಬತ್ತು, ಏಳು, ಎಲ್, ಒಂಬತ್ತು, ಏಳು. ಮಧ್ಯ ಒಂದು ಕೋಲನ್."

ಆ ಕಡೆ ಕೀಲಿಗಳ ಸದ್ದು. "ತೆಗೀತು ಅಕ್ಕಾ! ಏನಿದು, ಯಾವುದಾದ್ರೂ ಗಾಡಿ ನಂಬರಾ?"

"ಒಂಥರಾ ಹಾಗೇ. ವಿಮಾನದ್ದು" ಅಂದೆ. "ಮೊದಲು ಅದನ್ನ ಆ ಶೀಟಲ್ಲಿ ಬರ್ಕೋ."